ತಳಲೇಪದಿಂದ ಮೇಲ್ಮೆರುಗಿನವರೆಗೆ: ಮಾದರಿ ವಿಮಾನದ ಬಣ್ಣಗಾರಿಕೆ ಮತ್ತು ಕನ್ನಡ ತರಗತಿ



ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಕನ್ನಡವು ಪಾಠ ಓದುವಾಗ ಕೇಳಿಸುತ್ತದೆ, ಸಮಾರಂಭದಲ್ಲಿ ಹಾಡುವಾಗ ಕೇಳಿಸುತ್ತದೆ. ಕೈಕೆಲಸದ ಅವಧಿ ಬಂದೊಡನೆ ಮಾತು ಹೊರಳುತ್ತದೆ. ‘ಕಟ್ ಮಾಡು, ಪೇಂಟ್ ಮಾಡು, ಡ್ರೈ ಆಗಲಿ, ಫಿನಿಶ್ ಮಾಡು’ ಎಂಬ ನಾಲ್ಕು ಆಜ್ಞೆಗಳಲ್ಲಿ ಇಡೀ ಅವಧಿ ಮುಗಿದುಹೋಗುತ್ತದೆ. ಕನ್ನಡದಲ್ಲಿ ಕೆಲಸ ಮಾಡಲಾಗದು ಎಂದು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕತ್ತರಿ, ಅಂಟು, ಕುಂಚಗಳು ಕೈಗೆ ಬಂದಾಗಲೆಲ್ಲ ಕನ್ನಡ ಹಿಂದೆ ಸರಿಯುವುದನ್ನು ಅದು ದಿನವೂ ಕಾಣುತ್ತದೆ, ಕಂಡದ್ದನ್ನು ನಂಬುತ್ತದೆ. ಮುಂದೊಂದು ದಿನ ಮಾಧ್ಯಮವನ್ನು ಬದಲಿಸುವ ಮಾತು ಮನೆಯಲ್ಲಿ ಬಂದಾಗ, ಆ ನಂಬಿಕೆಯೇ ಮಗುವಿನ ಉತ್ತರವನ್ನು ನಿರ್ಧರಿಸುತ್ತದೆ.

ಆದುದರಿಂದ ಈ ಉಪನ್ಯಾಸವು ಒಂದೇ ಒಂದು ಕೈಕೆಲಸವನ್ನು ಆರಿಸಿಕೊಂಡು, ಅದರ ಪ್ರತಿಯೊಂದು ಹಂತವನ್ನೂ ಕನ್ನಡದಲ್ಲಿಯೇ ನಡೆಸುವ ಬಗೆಯನ್ನು ವಿವರಿಸುತ್ತದೆ. ಆ ಕೆಲಸವೆಂದರೆ ಅಳತೆಗೆ ತಕ್ಕಂತೆ ಮಾಡಿದ ಮಾದರಿ ವಿಮಾನಕ್ಕೆ ಬಣ್ಣ ಹಚ್ಚಿ, ಅದನ್ನು ಪೂರ್ಣರೂಪಕ್ಕೆ ತರುವುದು. ವಿಮಾನವೆಂದರೆ ಮಕ್ಕಳಿಗೆ ಸಹಜವಾದ ಕುತೂಹಲವುಂಟು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ: ಈ ಕೆಲಸದಲ್ಲಿ ಹಂತ ತಪ್ಪಿದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಕ್ರಮ, ಕಾರಣ, ಪರಿಣಾಮ ಇವು ಮೂರನ್ನೂ ಮಾತಿನಲ್ಲಿ ಹೇಳಲೇಬೇಕಾಗುತ್ತದೆ. ಭಾಷಾ ಶಿಕ್ಷಕನಿಗೆ ಬೇಕಾದದ್ದೂ ಅದೇ.

ಅಳತೆ ಮಾದರಿ ಎಂದರೆ ಮೂಲವಸ್ತುವಿನ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದ ರೂಪ. ವಿಮಾನದ ಮಾದರಿಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು 1:72ರ ಪ್ರಮಾಣ. ಬ್ರಿಟನ್ನಿನಲ್ಲಿ 1932ರಲ್ಲಿ ಬಂದ ‘ಸ್ಕೈಬರ್ಡ್ಸ್’ ಎಂಬ ಮರದ ಮಾದರಿಗಳು ಇದನ್ನು ಬಳಕೆಗೆ ತಂದವು. 1936ರಲ್ಲಿ ಅದೇ ದೇಶದ ‘ಫ್ರಾಗ್’ ಸಂಸ್ಥೆಯು ಪ್ಲಾಸ್ಟಿಕ್ ಬಿಡಿಭಾಗಗಳ ಜೋಡಣೆಯ ಮಾದರಿಗಳನ್ನು ಹೊರತಂದಿತು; ಅವು ಹಾರದ ಮಾದರಿಗಳಾದ ಕಾರಣ ಅವುಗಳಿಗೆ ಹಾರಲಾರದ ಹಕ್ಕಿಯ ಹೆಸರನ್ನೇ, ‘ಪೆಂಗ್ವಿನ್’ ಎಂದು, ಇಟ್ಟಿತು. ಅಡಿ ಅಂಗುಲಗಳ ಲೆಕ್ಕದವರಿಗೆ 72ರ ಸಂಖ್ಯೆ ಅನುಕೂಲವಾಗಿತ್ತು. ಆರು ಅಡಿ ಎಂದರೆ 72 ಅಂಗುಲ. ಹಾಗಾಗಿ ಮಾದರಿಯ ಒಂದು ಅಂಗುಲವು ನಿಜವಾದ ವಿಮಾನದ ಆರು ಅಡಿಗೆ, ಅಂದರೆ ಸುಮಾರು ಒಬ್ಬ ಮನುಷ್ಯನ ಎತ್ತರಕ್ಕೆ, ಸಮ.

ಈ ಕೆಲಸ ಶಾಲೆಗೆ ಹೊರಗಿನದು ಎಂದು ತಿಳಿಯುವವರು 1942ರ ಒಂದು ಪ್ರಸಂಗವನ್ನು ಗಮನಿಸಬೇಕು. ಎರಡನೆಯ ಮಹಾಯುದ್ಧದ ಆ ವರ್ಷ ಅಮೆರಿಕದ ನೌಕಾಪಡೆಯು ತನ್ನ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳಿಂದ 5,00,000 ಮಾದರಿ ವಿಮಾನಗಳನ್ನು ಕೇಳಿತು. 50 ಬಗೆಯ ವಿಮಾನಗಳು, ಒಂದೊಂದು ಬಗೆಯಲ್ಲಿ 10,000 ಮಾದರಿಗಳು, ಎಲ್ಲವೂ 1:72ರ ಪ್ರಮಾಣದಲ್ಲಿ. ಆಕಾಶದಲ್ಲಿ ಕಾಣುವ ವಿಮಾನ ಮಿತ್ರರದೋ ಶತ್ರುಗಳದೋ ಎಂದು ಕ್ಷಣದಲ್ಲಿ ಗುರುತಿಸಲು ಸೈನಿಕರಿಗೆ ತರಬೇತಿ ಕೊಡುವುದು ಅದರ ಉದ್ದೇಶ. ನಕ್ಷೆಗಳು ಶಾಲೆಗಳಿಗೆ ಬಂದವು; ಮಕ್ಕಳು ಮರ ಕೆತ್ತಿದರು, ಉಜ್ಜಿದರು, ಬಣ್ಣ ಬಳಿದರು. ಅಳತೆ ತಪ್ಪಿದ ಮಾದರಿಗೆ ಅಲ್ಲಿ ಸ್ಥಾನವಿರಲಿಲ್ಲ. ರೆಕ್ಕೆಯ ಆಕಾರದಲ್ಲಿನ ಸಣ್ಣ ತಪ್ಪು ಕೂಡ ಒಂದು ವಿಮಾನವನ್ನು ಇನ್ನೊಂದೆಂದು ತೋರಿಸಬಲ್ಲುದು.

ಆ ಮಾದರಿಗಳಿಗೆ ಹಚ್ಚಿದ ಬಣ್ಣ ಒಂದೇ: ಕಪ್ಪು. ಇದರ ಕಾರಣವನ್ನು ತರಗತಿಯಲ್ಲಿ ಮಕ್ಕಳಿಂದಲೇ ಹೊರಡಿಸಬಹುದು. ದೂರದ ವಿಮಾನವು ಬೆಳಕಿನ ಆಕಾಶಕ್ಕೆ ಎದುರಾಗಿ ಬರಿಯ ನೆರಳಿನಂತೆ ಕಾಣುತ್ತದೆ. ಅದರ ಬಣ್ಣವಾಗಲಿ ಗುರುತಾಗಲಿ ತಿಳಿಯದು, ಆಕಾರ ಮಾತ್ರ ತಿಳಿಯುತ್ತದೆ. 1:72ರ ಮಾದರಿಯನ್ನು 10 ಮೀಟರ್ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು 720 ಮೀಟರ್ ದೂರದಿಂದ ನೋಡಿದಷ್ಟೇ ಗಾತ್ರದಲ್ಲಿ ಕಾಣುತ್ತದೆ. ಹೀಗೆ ಮಾದರಿಯ ಬಣ್ಣವನ್ನು ಅದರ ಉದ್ದೇಶವು ನಿರ್ಧರಿಸಿತೇ ಹೊರತು ಅಲಂಕಾರದ ಆಸೆಯಲ್ಲ. ವಸ್ತುಪ್ರದರ್ಶನಕ್ಕೆಂದು ಬಂಗಾರದ ಕಾಗದ, ಮಿನುಗುಪುಡಿಗಳನ್ನು ಅಂಟಿಸುವ ಅಭ್ಯಾಸವಿರುವ ಶಾಲೆಗಳಲ್ಲಿ ಈ ಒಂದು ವಿಷಯವನ್ನು ಮೊದಲು ಚರ್ಚಿಸುವುದು ಒಳ್ಳೆಯದು: ಈ ಮಾದರಿ ಯಾರಿಗೆ, ಏನನ್ನು ತೋರಿಸಬೇಕು?

ಮಕ್ಕಳಿಗೆ ಆರಿಸಿಕೊಡಬಹುದಾದ ವಿಮಾನಗಳಲ್ಲಿ ‘ಮರುತ್’ ಒಂದು. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಯುದ್ಧವಿಮಾನವು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಎದುರಿನಲ್ಲಿ ಅದನ್ನು ಕಾಣಬಹುದು. ಆ ಕಾರ್ಖಾನೆಯನ್ನು ಮೈಸೂರು ಸರ್ಕಾರದ ಸಹಕಾರದೊಂದಿಗೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದ್ ಅವರು 1882ರಲ್ಲಿ ಹುಟ್ಟಿದ್ದು ಸೋಲಾಪುರದಲ್ಲಿ ಎಂಬುದನ್ನು ಆ ಭಾಗದ ಮಕ್ಕಳು ತಿಳಿದಿರಬೇಕು. ಮರುತ್‌ನ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. 1:72ರಲ್ಲಿ ಇದು ಸುಮಾರು 22 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಅಗಲ. ಮಗುವಿನ ಎರಡು ಅಂಗೈಗಳ ಮೇಲೆ ನಿಲ್ಲುವ ಗಾತ್ರ. ಮೆದು ಮರದಿಂದ ಮೈಯನ್ನೂ ದಪ್ಪ ರಟ್ಟಿನಿಂದ ರೆಕ್ಕೆಗಳನ್ನೂ ಮಾಡಿಕೊಂಡರೆ ಹೆಚ್ಚಿನ ಖರ್ಚಿಲ್ಲ. ಚೂರಿಯ ಕೆಲಸವನ್ನು ಮಾತ್ರ ಶಿಕ್ಷಕರು ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಬೇಕು.

ಬಣ್ಣದ ಡಬ್ಬಿ ತೆರೆಯುವ ಮುನ್ನ ಒಂದು ಲೆಕ್ಕ ಮಾಡಿಸಬೇಕು. ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪಕ್ಕೆ ಬಣ್ಣ ಕುಳಿತಿದೆ ಎಂದುಕೊಂಡರೆ, ಪ್ರಮಾಣದ ಲೆಕ್ಕದಲ್ಲಿ ಅದು ನಿಜವಾದ ವಿಮಾನದ ಮೇಲೆ 7.2 ಮಿಲಿಮೀಟರ್ ದಪ್ಪದ ಬಣ್ಣಕ್ಕೆ ಸಮ. ಅಷ್ಟು ದಪ್ಪ ಬಣ್ಣವನ್ನು ಯಾವ ವಿಮಾನಕ್ಕೂ ಬಳಿಯುವುದಿಲ್ಲ. ರೆಕ್ಕೆ ಮತ್ತು ಮೈ ಸೇರುವಲ್ಲಿ ಕಾಲು ಮಿಲಿಮೀಟರ್ ಸಂದು ಉಳಿದರೆ ಅದು 18 ಮಿಲಿಮೀಟರ್ ಬಿರುಕು. ಮನುಷ್ಯನ ಹೆಬ್ಬೆರಳು ತೂರುವಷ್ಟು. ಈ ಎರಡು ಲೆಕ್ಕಗಳಿಂದ ಮುಂದಿನ ಎಲ್ಲ ನಿಯಮಗಳೂ ಹುಟ್ಟುತ್ತವೆ: ಸಂದುಗಳನ್ನು ಮುಚ್ಚಬೇಕು, ಮೈಯನ್ನು ನಯಗೊಳಿಸಬೇಕು, ಬಣ್ಣ ತೆಳುವಾಗಿರಬೇಕು. ಪ್ರಮಾಣವೆಂಬ ಗಣಿತದ ಪಾಠವು ಇಲ್ಲಿ ಪುಸ್ತಕದಿಂದ ಬೆರಳ ತುದಿಗೆ ಇಳಿಯುತ್ತದೆ.

ಮೊದಲ ಹಂತ ಮೈ ಹದಗೊಳಿಸುವುದು. ಮರದ ಮೈಯನ್ನು ಮೊದಲು ಒರಟು, ಅನಂತರ ನಯ, ಕೊನೆಗೆ ಅತಿನಯವಾದ ಮರಳುಕಾಗದದಿಂದ ಉಜ್ಜಬೇಕು. ಅಂಗಡಿಯಲ್ಲಿ ಎಮರಿ ಪೇಪರ್ ಎಂದು ಕೇಳಿದರೆ ಸಿಗುತ್ತದೆ. ಅದರ ಬೆನ್ನಿನ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ. ಹಿಂದಿನ ಕಾಗದ ಬಿಟ್ಟ ಗೀರುಗಳನ್ನು ಮುಂದಿನ ಕಾಗದ ಅಳಿಸಬೇಕು. ನಡುವಿನದನ್ನು ಬಿಟ್ಟು ಹಾರಿದರೆ ಗೀರು ಉಳಿಯುತ್ತದೆ. ಸಂದುಗಳಿಗೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಪ್ಲಾಸ್ಟಿಕ್ ಮಾದರಿಯಾದರೆ ಸಾಬೂನುನೀರಿನಲ್ಲಿ ತೊಳೆದು ಒಣಗಿಸುವುದು ಅಗತ್ಯ; ಅಚ್ಚಿನಿಂದ ಬಂದ ಜಿಡ್ಡು ಮತ್ತು ಬೆರಳಿನ ಎಣ್ಣೆ ಬಣ್ಣವನ್ನು ಹಿಡಿಯಗೊಡುವುದಿಲ್ಲ. ಉಜ್ಜಿದ ಮೇಲೆ ಕಣ್ಣಿಗಿಂತ ಬೆರಳನ್ನು ನಂಬಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಸಂದು ತಿಳಿಯದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಎರಡನೆಯದು ತಳಲೇಪ. ಮರವೂ ರಟ್ಟೂ ನೀರು ಹೀರುತ್ತವೆ. ನೇರವಾಗಿ ಬಣ್ಣ ಬಳಿದರೆ ನಾರುಗಳು ಎದ್ದುನಿಂತು ಮೈ ಒರಟಾಗುತ್ತದೆ. ಬಿಳಿ ಅಂಟನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಒಂದು ಸಲ ಸವರಿ, ಒಣಗಿದ ಮೇಲೆ ನಯವಾದ ಕಾಗದದಿಂದ ಉಜ್ಜಿ, ಮತ್ತೊಮ್ಮೆ ಸವರಿದರೆ ರಂಧ್ರಗಳು ಮುಚ್ಚುತ್ತವೆ. ಇದು ಹೊರನಾಡಿನಿಂದ ಬಂದ ಹೊಸ ವಿದ್ಯೆಯಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಾರರು ಹಗುರ ಮರದ ಮೇಲೆ ಹುಣಸೆಬೀಜದ ಅಂಟು ಮತ್ತು ಬೆಣಚುಕಲ್ಲಿನ ಪುಡಿಯ ಸರಿಯನ್ನು ಸವರಿ, ಅದು ಒಣಗಿದ ಮೇಲೆಯೇ ಬಣ್ಣಕ್ಕೆ ಕೈಹಾಕುತ್ತಾರೆ. ಆಂಧ್ರದ ಕೊಂಡಪಲ್ಲಿಯಲ್ಲಿಯೂ ಹುಣಸೆಬೀಜದ ಪುಡಿ, ಮರದ ಹುಡಿಗಳನ್ನು ಕಲಸಿ ಬೊಂಬೆಯ ಅಂಗಗಳ ಸಂದುಗಳನ್ನು ತುಂಬುತ್ತಾರೆ. ವಿಮಾನದ ಮಾದರಿ ಹೊಸದಾಗಿರಬಹುದು. ಮೈ ಮುಚ್ಚಿ ಬಣ್ಣ ಹಿಡಿಸುವ ತಿಳಿವು ಈ ನಾಡುಗಳಲ್ಲಿ ಹಳೆಯದು. ಶಾಲೆಯ ಸುತ್ತಲಿನ ಬಡಗಿ, ಗೋಡೆಗೆ ಬಣ್ಣ ಬಳಿಯುವವರು, ಗಣಪತಿ ಮಾಡುವವರು ಇವರಲ್ಲಿ ಒಬ್ಬರನ್ನು ಒಂದು ಅವಧಿಗೆ ಕರೆದರೆ ಮಕ್ಕಳಿಗೆ ವಿದ್ಯೆಯೂ ಸಿಗುತ್ತದೆ, ಪದಗಳೂ ಸಿಗುತ್ತವೆ.

ತಳಲೇಪದ ಮೇಲೆ ಇಡೀ ಮಾದರಿಗೆ ತಿಳಿಬೂದು ಬಣ್ಣದ ಒಂದು ತೆಳುಪದರ ಕೊಡುವುದು ಅನುಭವಸ್ಥರ ಪದ್ಧತಿ. ಇದನ್ನು ಪ್ರೈಮರ್ ಎನ್ನುತ್ತಾರೆ. ಮರ, ಪುಟ್ಟಿ, ರಟ್ಟು, ಅಂಟು ಇವುಗಳ ಬಣ್ಣ ಮತ್ತು ಹೊಳಪು ಬೇರೆ ಬೇರೆಯಾಗಿರುವಾಗ ದೋಷಗಳು ಅದರಲ್ಲಿ ಅಡಗಿರುತ್ತವೆ. ಎಲ್ಲವೂ ಒಂದೇ ಬೂದು ಬಣ್ಣಕ್ಕೆ ಬಂದಾಗ ಉಳಿದ ಗೀರು, ತಗ್ಗು, ಸಂದುಗಳೆಲ್ಲ ಎದ್ದು ಕಾಣುತ್ತವೆ. ಬಣ್ಣ ಬಳಿದರೆ ತಪ್ಪು ಮುಚ್ಚುತ್ತದೆ ಎಂಬುದು ಮಕ್ಕಳಲ್ಲಿ ಮಾತ್ರವಲ್ಲ, ಹಿರಿಯರಲ್ಲಿಯೂ ಇರುವ ತಪ್ಪು ತಿಳಿವಳಿಕೆ. ಬಣ್ಣವು ತಪ್ಪನ್ನು ಹೊರಗೆಡಹುತ್ತದೆ. ಈ ಹಂತದಲ್ಲಿ ದೋಷ ಕಂಡರೆ ಹಿಂದಿನ ಹಂತಕ್ಕೆ ಮರಳಿ ತಿದ್ದಿಕೊಳ್ಳುವುದಕ್ಕೆ ಅವಕಾಶವಿದೆ. ಆ ಅವಕಾಶವನ್ನು ಕೊಡದೆ, ‘ನಾಳೆ ಪ್ರದರ್ಶನವಿದೆ, ಬಣ್ಣ ಬಳಿದುಬಿಡು’ ಎಂದು ಅವಸರಿಸಿದರೆ ಪಾಠ ಅಲ್ಲಿಗೇ ಕೆಡುತ್ತದೆ.

ಮೂರನೆಯ ಹಂತ ಮೇಲ್ಬಣ್ಣ. ಶಾಲೆಗೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ತಕ್ಕದ್ದು. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರು ತಗಲಿದರೆ ಕರಗಿ, ಎರಡನೆಯ ಪದರ ಹಚ್ಚುವಾಗ ಮೊದಲನೆಯದು ಕಿತ್ತುಬರುತ್ತದೆ. ಅಕ್ರಿಲಿಕ್ ಒಮ್ಮೆ ಒಣಗಿದರೆ ನೀರಿಗೆ ಕರಗದು. ಥಿನ್ನರ್ ಬೆರೆಸುವ ಬಣ್ಣಗಳನ್ನೂ ಒತ್ತಿ ಸಿಂಪಡಿಸುವ ಡಬ್ಬಿಗಳನ್ನೂ ಮುಚ್ಚಿದ ಕೋಣೆಯಲ್ಲಿ ಮಕ್ಕಳ ಕೈಗೆ ಕೊಡಬಾರದು. ಅವುಗಳ ಆವಿ ಆರೋಗ್ಯಕ್ಕೆ ಕೆಡುಕು. ಥರ್ಮಾಕೋಲಿನ ಮಾದರಿಗೆ ಅಂಥ ಬಣ್ಣ ತಗಲಿದರೆ ಥರ್ಮಾಕೋಲೇ ಕರಗಿ ಕುಳಿಬೀಳುತ್ತದೆ. ಶಿಕ್ಷಕರು ಒಂದು ಚೂರಿನ ಮೇಲೆ ಬಯಲಿನಲ್ಲಿ ಇದನ್ನು ಮಾಡಿ ತೋರಿಸಿದರೆ ದ್ರಾವಕದ ಪಾಠಕ್ಕೆ ಬೇರೆ ಪ್ರಯೋಗ ಬೇಕಾಗದು.

ಬಣ್ಣದ ಹದ ಹಾಲಿನಷ್ಟು ತೆಳುವಾಗಿರಲಿ. ಮೊದಲ ಪದರ ಅರೆಬರೆಯಾಗಿ, ತೇಪೆತೇಪೆಯಾಗಿ ಕಾಣುವುದು ಸಹಜ. ಅದನ್ನು ಕಂಡು ಕಂಗಾಲಾದ ಮಗು ಅಲ್ಲಿಯೇ ಮತ್ತೆ ಮತ್ತೆ ಕುಂಚವಾಡಿಸುತ್ತದೆ. ಅರೆಯಾರಿದ ಬಣ್ಣ ಕಿತ್ತು ಗಂಟುಗಟ್ಟುತ್ತದೆ. ಒಂದು ಪದರ ಹಚ್ಚಿ, ಕೈ ತೆಗೆದು, ಆರಲು ಬಿಟ್ಟು, ಹಿಂದಿನದಕ್ಕೆ ಅಡ್ಡಲಾಗಿ ಎರಡನೆಯ ಪದರ ಹಚ್ಚಬೇಕು. ಮೂರು ನಾಲ್ಕು ತೆಳುಪದರಗಳಿಗೆ ಬರುವ ಸಮತೆ ಒಂದು ದಪ್ಪ ಪದರಕ್ಕೆ ಬರುವುದಿಲ್ಲ. ಆರುವುದು ಬೇರೆ, ಗಟ್ಟಿಯಾಗುವುದು ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೇಲಿನ ನೀರು ಆವಿಯಾಗಿ ಬೆರಳಿಗೆ ಅಂಟದಂತಾಗುವುದು ಆರುವಿಕೆ. ಒಳಪದರದವರೆಗೆ ಬಲ ಬರುವುದಕ್ಕೆ ಒಂದು ರಾತ್ರಿಯಾದರೂ ಬೇಕು.

ಊರಿನ ಹವೆಯೂ ಈ ಕೆಲಸದಲ್ಲಿ ಪಾಲುದಾರ. ಕಾಸರಗೋಡು, ವಯನಾಡು, ನೀಲಗಿರಿಗಳ ಮಳೆಗಾಲದಲ್ಲಿ ಗಾಳಿಯ ತೇವದಿಂದ ಬಣ್ಣ ನಿಧಾನವಾಗಿ ಆರುತ್ತದೆ. ಕೆಲವು ಬಗೆಯ ವಾರ್ನಿಷುಗಳ ಮೇಲೆ ಹಾಲುಬಿಳುಪಿನ ಮಬ್ಬು ಕವಿಯುತ್ತದೆ. ಅಲ್ಲಿ ಪದರಗಳ ನಡುವೆ ಹೆಚ್ಚು ಸಮಯ ಬಿಡಬೇಕು, ಮಳೆ ಬಿಟ್ಟ ದಿನವನ್ನು ಕೊನೆಯ ಲೇಪಕ್ಕೆ ಇಟ್ಟುಕೊಳ್ಳಬೇಕು. ಸೋಲಾಪುರ, ಜತ್ತ, ಆದವಾನಿ, ರಾಯದುರ್ಗಗಳ ಬೇಸಗೆಯಲ್ಲಿ ಕಷ್ಟ ತದ್ವಿರುದ್ಧ: ಬಣ್ಣ ಕುಂಚದಲ್ಲಿಯೇ ಒಣಗಿ ಗೆರೆಗಳು ಮೂಡುತ್ತವೆ, ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ಅಲ್ಲಿ ಬೆಳಗಿನ ಅವಧಿಯೇ ಒಳ್ಳೆಯದು. ಕುಂಚವನ್ನು ಆಗಾಗ ನೀರಿಗೆ ಅದ್ದಬೇಕು, ಹಚ್ಚಿದ ಮಾದರಿಯ ಮೇಲೆ ಒಂದು ಡಬ್ಬಿಯನ್ನು ಕವುಚಿ ಇಡಬೇಕು. ಎರಡು ಊರಿನ ಶಾಲೆಗಳು ತಮ್ಮ ತಮ್ಮ ಅನುಭವವನ್ನು ಪತ್ರದಲ್ಲಿ ಬರೆದು ಹಂಚಿಕೊಂಡರೆ ಪತ್ರಲೇಖನಕ್ಕೆ ಅದಕ್ಕಿಂತ ಸಹಜವಾದ ವಿಷಯ ಸಿಗಲಾರದು.

ಎರಡು ಬಣ್ಣಗಳು ಸೇರುವಲ್ಲಿ ತಿಳಿಯಾದದ್ದು ಮೊದಲು, ಗಾಢವಾದದ್ದು ಅನಂತರ. ಗಾಢ ಬಣ್ಣದ ಮೇಲೆ ತಿಳಿ ಬಣ್ಣ ಹಚ್ಚಿದರೆ ತಳದ್ದು ಇಣುಕುತ್ತದೆ. ಭಾರತೀಯ ವಾಯುಪಡೆಯ ವೃತ್ತಚಿಹ್ನೆ ಇದಕ್ಕೆ ಒಳ್ಳೆಯ ಉದಾಹರಣೆ: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಕೇಸರಿಗೆ ಮುಚ್ಚುವ ಶಕ್ತಿ ಕಡಿಮೆ; ಹಸಿರು ಅಥವಾ ಕಂದು ರೆಕ್ಕೆಯ ಮೇಲೆ ನೇರವಾಗಿ ಬಳಿದರೆ ಅದು ಮಂಕಾಗುತ್ತದೆ. ಆದ್ದರಿಂದ ಮೊದಲು ಇಡೀ ವೃತ್ತವನ್ನು ಬಿಳಿಯಾಗಿಸಿ, ಆರಿದ ಮೇಲೆ ಕೈವಾರದಿಂದ ಒಳವೃತ್ತಗಳನ್ನು ಗುರುತಿಸಿ, ಹೊರ ಅಂಚಿಗೆ ಕೇಸರಿಯನ್ನೂ ನಡುವಿಗೆ ಹಸಿರನ್ನೂ ತುಂಬಬೇಕು. ನೇರ ಅಂಚು ಬೇಕಾದಲ್ಲಿ ಕಾಗದದ ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ, ಅದರ ಅಂಚಿಗೆ ತಳದ ಬಣ್ಣವನ್ನೇ ಒಮ್ಮೆ ಸವರಿ, ಆಮೇಲೆ ಹೊಸ ಬಣ್ಣ ಹಚ್ಚಿದರೆ ಸೋರಿಕೆಯಾಗದು. ಪಟ್ಟಿಯನ್ನು ಮೇಲಕ್ಕೆ ಎಳೆಯದೆ, ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಸುಲಿಯಬೇಕು.

ಯುದ್ಧವಿಮಾನಗಳಲ್ಲಿ ಮೇಲ್ಭಾಗ ನೆಲದ ಬಣ್ಣಗಳಲ್ಲಿಯೂ ಕೆಳಭಾಗ ತಿಳಿಯಾದ ಆಕಾಶದ ಬಣ್ಣದಲ್ಲಿಯೂ ಇರುವುದು ಅನೇಕ ದೇಶಗಳ ರೂಢಿ. ಮೇಲಿನಿಂದ ನೋಡುವವನಿಗೆ ಅದು ನೆಲದಲ್ಲಿ ಬೆರೆಯಬೇಕು, ಕೆಳಗಿನಿಂದ ನೋಡುವವನಿಗೆ ಬಾನಿನಲ್ಲಿ. ಬಣ್ಣವನ್ನು ಸ್ವಲ್ಪ ಬಿಳಿ ಬೆರೆಸಿ ತಿಳಿಗೊಳಿಸುವ ರೂಢಿಯೂ ಮಾದರಿಕಾರರಲ್ಲಿದೆ. ದೂರದ ಬೆಟ್ಟ ಹತ್ತಿರದ ಬೆಟ್ಟಕ್ಕಿಂತ ಮಸುಕಾಗಿ ಕಾಣುವಂತೆ, ನಡುವಿನ ಗಾಳಿಯು ದೂರದ ವಸ್ತುವಿನ ಬಣ್ಣವನ್ನು ತಿಳಿಗೊಳಿಸುತ್ತದೆ. ಚಿಕ್ಕ ಮಾದರಿಯೆಂದರೆ ದೂರದಿಂದ ಕಂಡ ವಿಮಾನವೇ ತಾನೆ! ತಾಳವಾಡಿಯ ಮಗುವಿಗೂ ನೀಲಗಿರಿಯ ಮಗುವಿಗೂ ಬೆಟ್ಟದ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದು ಮೇಲ್ಮೆರುಗು. ಹೊಳಪಿನ ವಾರ್ನಿಷು, ಹೊಳಪಿಲ್ಲದ ವಾರ್ನಿಷು ಎಂದು ಎರಡು ಬಗೆ. ಪ್ಲಾಸ್ಟಿಕ್ ಮಾದರಿಗಳೊಂದಿಗೆ ಬರುವ, ನೀರಿನಲ್ಲಿ ನೆನೆಸಿ ಜಾರಿಸುವ ಚಿಹ್ನೆಗಳನ್ನು ಒರಟು ಮೈಯ ಮೇಲೆ ಅಂಟಿಸಿದರೆ, ಅಡಿಯ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಅದಕ್ಕಾಗಿ ಮೊದಲು ಹೊಳಪಿನ ಲೇಪ ಕೊಟ್ಟು ಮೈಯನ್ನು ಸಮಗೊಳಿಸಿ, ಚಿಹ್ನೆಗಳನ್ನು ಜಾರಿಸಿ, ಎಲ್ಲದರ ಮೇಲೆ ಹೊಳಪಿಲ್ಲದ ಲೇಪ ಕೊಡುತ್ತಾರೆ. ಹೊಳಪು ಎಲ್ಲ ಕಡೆಯಿಂದ ಬೆಳಕನ್ನು ಮರಳಿಸಿ ಚಿಕ್ಕ ವಸ್ತುವನ್ನು ಆಟಿಕೆಯಂತೆ ತೋರಿಸುತ್ತದೆ. ಹೊಳಪಿಲ್ಲದ ಮೈ ಆಕಾರವನ್ನು ತೋರಿಸುತ್ತದೆ. ಹೊಗೆಯ ಕಲೆ, ಎಣ್ಣೆಯ ಜಿಡ್ಡು, ಸವೆದ ಬಣ್ಣ ಇವುಗಳನ್ನು ಮೂಡಿಸುವ ಆಸೆ ಮಕ್ಕಳಿಗೆ ಬರುತ್ತದೆ. ಅದಕ್ಕೆ ಒಂದೇ ನಿಯಮ: ಪ್ರತಿಯೊಂದು ಕಲೆಗೂ ಕಾರಣ ಹೇಳಬೇಕು. ಹಾರುವಾಗ ಗಾಳಿ ಮುಂದಿನಿಂದ ಹಿಂದಕ್ಕೆ ಬೀಸುವುದರಿಂದ ಹೊಗೆಯ ಕಲೆ ಹಿಂದಕ್ಕೇ ಹರಿದಿರಬೇಕು. ಪೈಲಟ್ ಹತ್ತುವ ಕಡೆಯಲ್ಲಿ ಬಣ್ಣ ಸವೆದಿರಬೇಕು. ಕಾರಣ ಹೇಳಲಾಗದ ಕಲೆಯನ್ನು ಹಾಕಕೂಡದು.

ಇನ್ನು ಭಾಷೆಯ ವಿಷಯ. ಈವರೆಗಿನ ವಿವರಣೆಯಲ್ಲಿ ಬಂದ ಕ್ರಿಯಾಪದಗಳನ್ನು ಎಣಿಸಿ ನೋಡಬಹುದು: ಕೆತ್ತು, ಉಜ್ಜು, ತೊಳೆ, ಮೆತ್ತು, ಸವರು, ಬಳಿ, ಹಚ್ಚು, ತುಂಬು, ಆರು, ಒಣಗು, ಸುಲಿ, ಜಾರಿಸು. ಇವುಗಳಲ್ಲಿ ಯಾವುದೂ ಪಂಡಿತರು ಹೊಸೆದ ಪದವಲ್ಲ. ಎಲ್ಲವೂ ಅಡುಗೆಮನೆ, ಅಂಗಳ, ಕೊಟ್ಟಿಗೆಗಳ ಮಾತು. ‘ಪೇಂಟ್ ಮಾಡು’ ಎಂಬ ಒಂದು ಮಾತಿನ ಜಾಗದಲ್ಲಿ ಕನ್ನಡವು ಬಳಿಯುವುದನ್ನು ಸವರುವುದರಿಂದ, ಸವರುವುದನ್ನು ಮೆತ್ತುವುದರಿಂದ ಬೇರೆ ಮಾಡುತ್ತದೆ. ಪುಟ್ಟಿಯನ್ನು ಮೆತ್ತುತ್ತಾರೆ, ಅಂಟನ್ನು ಸವರುತ್ತಾರೆ, ಬಣ್ಣವನ್ನು ಬಳಿಯುತ್ತಾರೆ. ಈ ವ್ಯತ್ಯಾಸವನ್ನು ಕೈಯಿಂದ ಅರಿತ ಮಗು ಅದನ್ನು ಮರೆಯದು. ಪ್ರೈಮರ್, ವಾರ್ನಿಷು, ಅಕ್ರಿಲಿಕ್ ಮುಂತಾದ ಅಂಗಡಿಯ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡರೆ ತೊಂದರೆಯಿಲ್ಲ. ವಸ್ತುವಿನ ಹೆಸರು ಎರವಲಾಗಿ ಬಂದರೆ ಭಾಷೆ ಬಡವಾಗದು. ಕ್ರಿಯಾಪದ ಕೈಬಿಟ್ಟರೆ ಬಡವಾಗುತ್ತದೆ.

ಮನೆಯಲ್ಲಿ ತುಳು, ಬಡಗ, ಮರಾಠಿ, ತೆಲುಗು, ಕೊಂಕಣಿ ಆಡುವ ಮಗು ತನ್ನ ಮಾತಿನ ಪದವನ್ನು ತಂದರೆ ಅದನ್ನು ತಿದ್ದುವ ಮುನ್ನ ಕಪ್ಪುಹಲಗೆಯ ಮೇಲೆ ಬರೆದುಕೊಳ್ಳಬೇಕು. ತೆಲುಗು ಸೀಮೆಯ ಬಣ್ಣಗಾರರು ಪುಟ್ಟಿಗೆ ಲಪ್ಪಂ ಎನ್ನುತ್ತಾರೆ. ಆದವಾನಿಯ ಮಗುವಿಗೆ ಅದು ಗೊತ್ತಿರುತ್ತದೆ. ಅಂಥ ಪದದ ಪಕ್ಕದಲ್ಲಿ ಕನ್ನಡದ ಪದವನ್ನಿಟ್ಟು, ಎರಡನ್ನೂ ಬಳಸಗೊಟ್ಟರೆ ಮಗು ಕನ್ನಡದ ಕಡೆಗೆ ಅಂಜದೆ ಬರುತ್ತದೆ.

ವಾಕ್ಯರಚನೆಗೂ ಈ ಕೆಲಸ ಹೇಳಿಮಾಡಿಸಿದಂತಿದೆ. ‘ಉಜ್ಜಿ, ಒರೆಸಿ, ಸವರಿ, ಆರಲು ಬಿಟ್ಟು, ಮತ್ತೆ ಉಜ್ಜಿದೆವು’ ಎಂಬಲ್ಲಿ ಕೃದಂತಗಳ ಸರಣಿ ತಾನಾಗಿ ಬರುತ್ತದೆ. ‘ಆರುವ ಮುನ್ನ ಮುಟ್ಟಿದರೆ ಬೆರಳಚ್ಚು ಉಳಿಯುತ್ತದೆ’ ಎಂಬಲ್ಲಿ ಷರತ್ತಿನ ರೂಪ, ‘ಜಿಡ್ಡು ಇದ್ದುದರಿಂದ ಬಣ್ಣ ಹಿಡಿಯಲಿಲ್ಲ’ ಎಂಬಲ್ಲಿ ಕಾರಣದ ರೂಪ. ಪ್ರತಿ ಗುಂಪಿಗೂ ಒಂದು ಕೆಲಸದ ದಿನಚರಿ ಇರಲಿ. ಅದರಲ್ಲಿ ನಾಲ್ಕು ಅಂಕಣಗಳು ಸಾಕು: ಏನು ಮಾಡಿದೆವು, ಹೇಗೆ ಮಾಡಿದೆವು, ಏನು ಕೆಟ್ಟಿತು, ಏಕೆ ಕೆಟ್ಟಿತು. ಮೂರನೆಯ, ನಾಲ್ಕನೆಯ ಅಂಕಣಗಳು ಖಾಲಿ ಇರುವ ದಿನಚರಿಯನ್ನು ಮರಳಿಸಿ, ಮತ್ತೆ ನೋಡಿ ಬರೆಯಲು ಹೇಳಬೇಕು. ಹುಡುಗರು ಕೆತ್ತುವುದು, ಹುಡುಗಿಯರು ಬಣ್ಣ ಹಚ್ಚುವುದು ಎಂಬ ವಿಂಗಡಣೆಗೆ ಎಡೆಗೊಡದೆ, ಪ್ರತಿಯೊಬ್ಬರ ಕೈಯೂ ಪ್ರತಿಯೊಂದು ಹಂತದಲ್ಲಿ ಆಡುವಂತೆ ಸರದಿ ಹಾಕಬೇಕು.

ಮೌಲ್ಯಮಾಪನವೂ ಇದಕ್ಕೆ ಹೊಂದಬೇಕು. 20 ಅಂಕಗಳಿದ್ದರೆ 6 ಮೈ ಹದಗೊಳಿಸಿದ್ದಕ್ಕೆ, 4 ಬಣ್ಣಕ್ಕೆ, 5 ದಿನಚರಿಗೆ, 5 ಮಾದರಿಯನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ವಿವರಿಸಿದ್ದಕ್ಕೆ ಕೊಡಬಹುದು. ಅಂಗಡಿಯಿಂದ ತಂದ ಅಥವಾ ಮನೆಯ ಹಿರಿಯರು ಮಾಡಿಕೊಟ್ಟ ಮಿರುಗುವ ಮಾದರಿಗಿಂತ, ಒಂದು ಗೀರು ಉಳಿದಿದ್ದರೂ ಅದು ಏಕೆ ಉಳಿಯಿತೆಂದು ಹೇಳಬಲ್ಲ ಮಗುವಿನ ಮಾದರಿ ಮೇಲು. ಕೇರಳದ ವೃತ್ತಿಪರಿಚಯ ಮೇಳಕ್ಕೆ, ಮಹಾರಾಷ್ಟ್ರದ ಕಾರ್ಯಾನುಭವದ ಅವಧಿಗೆ ಈ ಕೆಲಸವನ್ನು ಸುಲಭವಾಗಿ ಹೊಂದಿಸಿಕೊಳ್ಳಬಹುದು. ಮಾದರಿಯ ಪಕ್ಕದಲ್ಲಿ ಇಡುವ ವಿವರಣಪತ್ರವು ರಾಜ್ಯಭಾಷೆಯಲ್ಲಿದ್ದರೂ, ಅದರ ಜೊತೆಗೆ ಕನ್ನಡದಲ್ಲಿಯೂ ಇರುವಂತೆ ಶಿಕ್ಷಕರು ನೋಡಿಕೊಳ್ಳಬೇಕು.

ಇದಕ್ಕೆ ಸಮಯವೆಲ್ಲಿ, ಪರೀಕ್ಷೆಗೆ ಇದರಿಂದೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನಡೆಸುವ ಶಾಲೆಗಳಲ್ಲಿ ಹೊಸ ಹೊರೆ ಯಾರಿಗೂ ಬೇಡ. ಆದರೆ ಪ್ರಮಾಣದ ಲೆಕ್ಕ, ಆವಿಯಾಗುವಿಕೆ, ದ್ರಾವಕ, ಬೆಳಕಿನ ಪ್ರತಿಫಲನ, ಕ್ರಮವರ್ಣನೆಯ ಪ್ರಬಂಧ, ಪತ್ರಲೇಖನ ಇವೆಲ್ಲ ಹೇಗೂ ಪಾಠಪಟ್ಟಿಯಲ್ಲಿವೆ. ಬೇರೆ ಬೇರೆ ಅವಧಿಗಳಲ್ಲಿ ಚದುರಿದವುಗಳು ಇಲ್ಲಿ ಒಂದೇ ವಸ್ತುವಿನ ಸುತ್ತ ಸೇರುತ್ತವೆ. ಒಂದು ಮಾದರಿ ವಿಮಾನದಿಂದ ಒಂದು ಶಾಲೆ ಉಳಿಯುತ್ತದೆ ಎಂದು ಹೇಳುವುದು ಅತಿಶಯೋಕ್ತಿ. ಶಾಲೆ ಉಳಿಯುವುದಕ್ಕೆ ಶಿಕ್ಷಕರ ನೇಮಕ, ಪಠ್ಯಪುಸ್ತಕ, ಮುಂದಿನ ವ್ಯಾಸಂಗದ ದಾರಿ ಎಲ್ಲವೂ ಬೇಕು. ಅವು ಶಿಕ್ಷಕರ ಕೈಯಲ್ಲಿಲ್ಲ. ಕೈಕೆಲಸದ ಅವಧಿಯಲ್ಲಿ ಯಾವ ಭಾಷೆ ನಡೆಯಬೇಕೆಂಬುದು ಮಾತ್ರ ಪೂರ್ಣವಾಗಿ ಅವರ ಕೈಯಲ್ಲಿದೆ.

ಆರಂಭಿಸುವವರಿಗೆ ಆರು ಅವಧಿಗಳ ಒಂದು ಸರಳ ಕ್ರಮ ಸಾಕಾದೀತು. ಮೊದಲನೆಯದರಲ್ಲಿ ವಿಮಾನದ ಆಯ್ಕೆ ಮತ್ತು ಪ್ರಮಾಣದ ಲೆಕ್ಕ. ಎರಡನೆಯದರಲ್ಲಿ ಜೋಡಣೆ ಮತ್ತು ಪುಟ್ಟಿ. ಮೂರನೆಯದರಲ್ಲಿ ಉಜ್ಜುವಿಕೆ ಮತ್ತು ತಳಲೇಪ. ನಾಲ್ಕನೆಯದರಲ್ಲಿ ಬೂದು ಪದರ, ದೋಷಪರೀಕ್ಷೆ, ತಿದ್ದುಪಡಿ. ಐದನೆಯದರಲ್ಲಿ ಬಣ್ಣ ಮತ್ತು ಚಿಹ್ನೆ. ಆರನೆಯದರಲ್ಲಿ ಮೇಲ್ಮೆರುಗು ಮತ್ತು ಮೌಖಿಕ ವಿವರಣೆ. ಪದರಗಳು ಒಣಗಬೇಕಾದ್ದರಿಂದ ವಾರಕ್ಕೊಂದೇ ಅವಧಿ ಇರುವ ಶಾಲೆಗೂ ಇದು ಅಡ್ಡಿಯಲ್ಲ, ಅನುಕೂಲವೇ. ಮೊದಲ ವರ್ಷ ತರಗತಿಗೆ ಒಂದೇ ಮಾದರಿ ಆದರೂ ಸಾಕು. ಮಾದರಿಯನ್ನೂ ಅದರ ದಿನಚರಿಯನ್ನೂ ಒಟ್ಟಿಗೆ ಕಪಾಟಿನಲ್ಲಿಟ್ಟರೆ, ಮರುವರ್ಷದ ಮಕ್ಕಳು ಹಿಂದಿನವರ ಮೂರನೆಯ ಅಂಕಣವನ್ನು ಓದಿ ಅಲ್ಲಿಂದ ಮುಂದುವರಿಯುತ್ತಾರೆ.

ಈ ವರ್ಷದ ಕೈಕೆಲಸದ ಅವಧಿಗಳಲ್ಲಿ ಶಿಕ್ಷಕ ಬಂಧುಗಳು ಇದನ್ನು ಒಮ್ಮೆ ಪ್ರಯೋಗಿಸಿ ನೋಡಲಿ, ತಮ್ಮ ಊರಿನ ಪದಗಳನ್ನೂ ಅನುಭವಗಳನ್ನೂ ಮುಂದಿನ ತರಬೇತಿಗೆ ಬರೆದು ತರಲಿ ಎಂಬ ಕೋರಿಕೆಯೊಂದಿಗೆ ಈ ಉಪನ್ಯಾಸ ಮುಗಿಯುತ್ತದೆ.